ಸ್ಕ್ರಿಪ್ಟ್ ಮುಗ್ಗರಿಸಿದರೆ ತಪ್ಪು ಹುಡುಕುವುದು ಹೇಗೆ?

ನಮ್ಮ ವಾಡಿಯ ವಾಚನಾಲಯದ ಗಣಕಯಂತ್ರದಲ್ಲಿ ಕನ್ನಡ ಅಕ್ಷರಗಳಿಗೆ ಬದಲು ಬರಿಯ ಚೌಕಗಳು ಕಾಣುತ್ತಿದ್ದುದು ವಾಚಕ ಮಹಾಶಯರಿಗೆ ನೆನಪಿರಬಹುದು. ಊರ ಕಡೆಯ ಸುದ್ದಿ ಓದಲು ಬಂದ ಹಿರಿಯರು ಬರಿಗೈಯಲ್ಲಿ ಹಿಂದಿರುಗುತ್ತಿದ್ದರು. ಕನ್ನಡ ಫಾಂಟುಗಳನ್ನು ತಾನಾಗಿ ಅಳವಡಿಸುವ ಸ್ಕ್ರಿಪ್ಟೊಂದನ್ನು ನಾನು ಓಡಿಸಿದೆ. ಅದು ನಡುವೆಯೇ ನಿಂತು, ‘ಸಿಂಟ್ಯಾಕ್ಸ್ ಎರರ್: ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಫೈಲ್’ ಎಂದಿತು. ಅಂದರೆ, ವಾಕ್ಯ ಮುಗಿಯುವ ಮೊದಲೇ ಕಡತ ಮುಗಿಯಿತು ಎಂದರ್ಥ.

ಸ್ಕ್ರಿಪ್ಟ್ ಎಂದರೆ ಯಂತ್ರಕ್ಕೆ ಬರೆದಿಟ್ಟ ಆಜ್ಞೆಗಳ ಪಟ್ಟಿ. ಲಿನಕ್ಸ್ ಯಂತ್ರಗಳಲ್ಲಿ ಇದನ್ನು ಓದಿ ನಡೆಸುವುದು ಸಾಮಾನ್ಯವಾಗಿ 1989ರಲ್ಲಿ ಹೊರಬಂದ ಬ್ಯಾಶ್. ಅದು ಮೇಲಿನಿಂದ ಓದುತ್ತ, ಓದಿದಷ್ಟನ್ನು ಮಾಡುತ್ತ ಹೋಗುತ್ತದೆ. ಆದಕಾರಣ ಕೊನೆಯಲ್ಲಿ ತಪ್ಪು ಸಿಕ್ಕಿದರೂ ಮೊದಲಿನ ಆಜ್ಞೆಗಳು ನಡೆದುಹೋಗಿರುತ್ತವೆ. ಕೆಲಸ ಅರ್ಧಂಬರ್ಧವಾಗುವುದೇ ಇಲ್ಲಿನ ಅಪಾಯ.

ಯಂತ್ರ ತೋರಿಸಿದ ಸಾಲಿನಲ್ಲೇ ತಪ್ಪಿದೆ ಎಂದು ನಂಬಬಾರದು. ಗಿರಣಿಯ ಲೆಕ್ಕದಲ್ಲಿ ವ್ಯತ್ಯಾಸ ಕಾಣುವುದು ಕೊನೆಯ ಮೊತ್ತದಲ್ಲಿ. ತಪ್ಪು ನಮೂದು ಹತ್ತು ಪುಟ ಹಿಂದಿರುತ್ತದೆ. ಇಲ್ಲಿಯೂ ಹಾಗೆಯೇ, ಮೇಲಕ್ಕೆ ಹುಡುಕುತ್ತ ಹೋಗಬೇಕು.

ನೋಡಬೇಕಾದವು ಇವು:

1. ‘ಇಫ್’ ಎಂದು ತೆರೆದದ್ದನ್ನು ‘ಫೈ’ ಎಂದು, ‘ಡು’ ಎಂದು ತೆರೆದದ್ದನ್ನು ‘ಡನ್’ ಎಂದು ಮುಚ್ಚಿದೆಯೇ?

2. ಉದ್ಧರಣ ಚಿಹ್ನೆಗಳು ಜೋಡಿಯಾಗಿವೆಯೇ, ನೇರವಾಗಿವೆಯೇ? ಬೇರೆಡೆಯಿಂದ ನಕಲು ಮಾಡುವಾಗ ಅವು ಬಾಗಿದ ಚಿಹ್ನೆಗಳಾಗುವುದುಂಟು. ಬ್ಯಾಶ್ ಅವನ್ನು ಉದ್ಧರಣವೆಂದು ಎಣಿಸದು.

3. ಕಡತವನ್ನು ವಿಂಡೋಸಿನಲ್ಲಿ ತಿದ್ದಲಾಗಿದೆಯೇ? ಹಾಗಿದ್ದರೆ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಚಿಹ್ನೆಯೊಂದು ಸೇರಿರಬಹುದು. ‘ಡಾಸ್‌ಟುಯುನಿಕ್ಸ್’ ಎಂಬ ಸಲಕರಣೆ ಅದನ್ನು ಕಳೆಯುತ್ತದೆ. ನನ್ನನ್ನು ಎರಡು ಸಂಜೆ ಕಾಡಿದ್ದು ಇದೇ.

4. ಬ್ಯಾಶಿಗಾಗಿ ಬರೆದದ್ದನ್ನು ‘ಎಸ್‌ಎಚ್’ ಎಂದು ಕರೆದು ಓಡಿಸಿದಿರಾ? ಉಬುಂಟುವಿನಲ್ಲಿ 2006ರಿಂದ ಆ ಹೆಸರಿಗೆ ಓಗೊಡುವುದು ಡ್ಯಾಶ್. ಬ್ಯಾಶಿನ ಕೆಲವು ಪ್ರಯೋಗಗಳು ಅದಕ್ಕೆ ತಿಳಿಯವು.

ಎಲ್ಲಕ್ಕಿಂತ ಮುಖ್ಯವಾದುದು, ಓಡಿಸುವ ಮೊದಲೇ ಪರೀಕ್ಷಿಸುವುದು. ‘ಬ್ಯಾಶ್’ ಎಂದು ಬರೆದು, ಒಂದು ಸ್ಥಳ ಬಿಟ್ಟು, ಅಡ್ಡಗೆರೆಯೊಡನೆ ಸಣ್ಣ ‘ಎನ್’ ಅಕ್ಷರ ಸೇರಿಸಿ, ಮತ್ತೆ ಸ್ಥಳ ಬಿಟ್ಟು ಕಡತದ ಹೆಸರು ಕೊಟ್ಟರೆ, ಯಂತ್ರವು ಏನನ್ನೂ ನಡೆಸದೆ ವಾಕ್ಯರಚನೆಯನ್ನು ಮಾತ್ರ ಓದಿ ತಪ್ಪು ಹೇಳುತ್ತದೆ. ಆಜ್ಞೆಯ ಹೆಸರನ್ನೇ ತಪ್ಪಾಗಿ ಬರೆದಿದ್ದರೆ ಇದರಿಂದ ತಿಳಿಯದು. ಅದನ್ನು ನಾವೇ ಓದಿ ನೋಡಬೇಕು.

ಈಗ ಚೌಕಗಳು ಹೋಗಿ ಅಕ್ಷರಗಳು ಬಂದಿವೆ. ಕಲಿಯಬಯಸುವ ತರುಣರು ಸಂಜೆ ಬಂದರೆ ಒಟ್ಟಿಗೆ ಕುಳಿತು ನೋಡೋಣ.