ವಂಚನೆ: ಒಂದು ಪದದ ವಿಚಾರ



ನಂಬಿದವರನ್ನು ಕೆಡಿಸುವ ಕೃತ್ಯವನ್ನು ಹೆಸರಿಸಲು ಕನ್ನಡದಲ್ಲಿ ಮಾತಿಗೆ ಬರವಿಲ್ಲ. ಟೋಪಿ ಹಾಕುವುದು, ಪಂಗನಾಮ ಹಾಕುವುದು, ಚಳ್ಳೆಹಣ್ಣು ತಿನ್ನಿಸುವುದು – ಇವೆಲ್ಲ ಆಡುಮಾತಿನ ವಿನೋದಗಳು. ಗ್ರಂಥಭಾಷೆಯಲ್ಲಿ ಇದಕ್ಕೆ ಸಲ್ಲುವ ಪದ 'ವಂಚನೆ'. ವಂಚನೆಯೆಂದರೆ ಸುಳ್ಳು ಹೇಳುವುದು ಎಂದಷ್ಟೇ ನಾವು ಸಾಮಾನ್ಯವಾಗಿ ಬಗೆಯುತ್ತೇವೆ. ಪದದ ಬಳಕೆಯನ್ನು ಪರಿಶೀಲಿಸಿದರೆ ಅರ್ಥ ಇನ್ನೂ ವಿಸ್ತಾರವಾದುದೆಂದು ತಿಳಿಯುತ್ತದೆ.

ಈ ಪದದ ಮೂಲ ಸಂಸ್ಕೃತದ 'ವಂಚ್' ಧಾತು. ಧಾತುಪಾಠದಲ್ಲಿ ಅದಕ್ಕೆ ಚಲನೆ ಎಂಬ ಅರ್ಥವೂ ಮೋಸಗೊಳಿಸುವುದೆಂಬ ಅರ್ಥವೂ ಉಂಟು. ನೇರ ದಾರಿ ಬಿಟ್ಟು ಓರೆಯಾಗಿ ನಡೆಯುವುದೇ ಮೋಸವಾಯಿತೆನ್ನಬಹುದು. 'ಮೋಸ'ವೆಂಬ ಪದದ ಹಿಂದಿರುವುದು ಕಳವು ಎಂಬರ್ಥದ 'ಮೋಷ'. ಕಾಳು ಕದಿಯುವ ಮೂಷಿಕವೂ ಆ ಕುಲದ್ದೇ.

ಪ್ರಯೋಗದಲ್ಲಿಯೂ ಒಂದು ಸ್ವಾರಸ್ಯವಿದೆ. ಒಬ್ಬನನ್ನು ವಂಚಿಸುತ್ತೇವೆ, ಒಬ್ಬನಿಗೆ ಮೋಸ ಮಾಡುತ್ತೇವೆ. ಆದರೆ ಮೋಸಕ್ಕೊಳಗಾದವನು 'ಮೋಸಹೋದ'ನೆನ್ನುತ್ತೇವೆ. ತಾನೇ ನಡೆದುಹೋಗಿ ಬಲೆಗೆ ಬಿದ್ದಂತೆ!

ಇನ್ನು 'ವಂಚಿತ' ಎಂಬ ರೂಪವನ್ನು ನೋಡೋಣ. ಮೂಲತಃ ಮೋಸಹೋದವನೆಂಬ ಅರ್ಥವಿದ್ದ ಈ ಪದ ಇಂದು ಸಲ್ಲಬೇಕಾದುದು ಸಲ್ಲದವನನ್ನು ಸೂಚಿಸುತ್ತದೆ. 'ಶಿಕ್ಷಣವಂಚಿತ' ಮಗುವಿಗೆ ಯಾರೂ ಸುಳ್ಳು ಹೇಳಿರಬೇಕಾಗಿಲ್ಲ. ಅದರ ಪಾಲು ಅದಕ್ಕೆ ದೊರೆಯಲಿಲ್ಲ, ಅಷ್ಟೆ. ಹನ್ನೆರಡನೆಯ ಶತಮಾನದ ಶರಣರ ವಚನಗಳಲ್ಲಿ ತನು, ಮನ, ಧನಗಳ ವಂಚನೆಯ ಮಾತು ಮತ್ತೆ ಮತ್ತೆ ಬರುತ್ತದೆ. ಅಲ್ಲಿಯೂ ವಂಚನೆಯೆಂದರೆ ಅರ್ಪಿಸಬೇಕಾದುದನ್ನು ಹಿಡಿದಿಟ್ಟುಕೊಳ್ಳುವುದು.

ಕಾನೂನಿನ ನೋಟವೂ ಇದಕ್ಕೆ ಹತ್ತಿರವಾದುದು. 1860ರ ಭಾರತೀಯ ದಂಡ ಸಂಹಿತೆಯ 415ನೆಯ ಕಲಮು ವಂಚನೆಯ ಲಕ್ಷಣವನ್ನು ಹೇಳುತ್ತ, ಅಪ್ರಾಮಾಣಿಕವಾಗಿ ಸಂಗತಿಗಳನ್ನು ಮರೆಮಾಚುವುದನ್ನೂ ಮೋಸವೆಂದೇ ಎಣಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಲ್ಲಿಯೂ ಈ ವಿವರಣೆ ಉಳಿದಿದೆ. ಮೌನವೂ ಕೆಲವೊಮ್ಮೆ ವಂಚನೆಯಾದೀತು.

ಹಾಗಾದರೆ ಪರದೇಶದಲ್ಲಿ ಮನೆ ಮಾಡಿರುವ ನಮಗೆ ಈ ಪದ ಒಂದು ಪ್ರಶ್ನೆಯನ್ನು ಒಡ್ಡುತ್ತದೆ. ನಮ್ಮ ಮಕ್ಕಳಿಗೆ ಕನ್ನಡ ಬಾರದಿದ್ದರೆ 'ಅವರಿಗೆ ಆಸಕ್ತಿಯಿಲ್ಲ' ಎಂದುಬಿಡುತ್ತೇವೆ. ಮನೆಯಲ್ಲಿ ನಾವು ಅವರೊಡನೆ ಕನ್ನಡ ಆಡಿದ್ದೇವೆಯೇ? ಆಡದಿದ್ದಲ್ಲಿ ಅವರು ಭಾಷಾವಂಚಿತರು. ವಂಚಿಸಿದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಆಸಕ್ತಿಯ ನೆಪ ಹೇಳಿ ಸಮಾಧಾನಪಡುವುದಕ್ಕೂ ಕನ್ನಡದಲ್ಲಿ ಒಂದು ಹೆಸರಿದೆ: ಆತ್ಮವಂಚನೆ.