ಆಲ್ಬರ್ಟ್ ಹಾಲಿನಲ್ಲಿ ನಿಂತು ಕೇಳಿದ ಬಾಖ್

ಮೈಸೂರಿನಲ್ಲಿ ವೀಣೆ ಪಾಠ ಹೇಳಿಕೊಂಡು ಬದುಕಿದ ನನಗೆ ಹಂಗೇರಿಯ ಪಿಯಾನೋ ವಾದಕರೊಬ್ಬರು ಗುರುವಿನಷ್ಟೇ ಹತ್ತಿರದವರಾದದ್ದು ಒಂದು ಕ್ಯಾಸೆಟ್ಟಿನಿಂದ. 1953ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದ ಆಂದ್ರಾಶ್ ಶಿಫ್ 1980ರ ದಶಕದಲ್ಲಿ ಡೆಕ್ಕಾ ಎಂಬ ಧ್ವನಿಮುದ್ರಣ ಕಂಪನಿಗೆ ಬಾಖ್‌ನ ‘ವೆಲ್ ಟೆಂಪರ್ಡ್ ಕ್ಲೇವಿಯರ್’ ನುಡಿಸಿದ್ದರು. ಸಂಜೆ ಪಾಠ ಮುಗಿಸಿ, ಮಕ್ಕಳು ಮನೆಗೆ ಹೋದ ಮೇಲೆ ಆ ಕ್ಯಾಸೆಟ್ಟನ್ನು ಹಾಕಿಕೊಳ್ಳುತ್ತಿದ್ದೆ. ಟೇಪು ಸವೆದು ದನಿ ಅಲುಗುವಷ್ಟು ವರ್ಷ ಕೇಳಿದೆ.

ಈ ಕೃತಿ ಏನೆಂದು ಸ್ವಲ್ಪ ಹೇಳಬೇಕು. ಪಿಯಾನೋದ ಒಂದು ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನಗಳು. ಒಂದೊಂದನ್ನೂ ಷಡ್ಜವಾಗಿ ಹಿಡಿದು, ಪಾಶ್ಚಾತ್ಯರ ಎರಡು ಸ್ವರಕ್ರಮಗಳಾದ ಮೇಜರ್‌ನಲ್ಲಿ ಒಂದು, ಮೈನರ್‌ನಲ್ಲಿ ಒಂದು, ಹೀಗೆ 24 ಜೋಡಿ ರಚನೆಗಳನ್ನು ಬಾಖ್ 1722ರಲ್ಲಿ ಮೊದಲ ಸಂಪುಟವಾಗಿ ಒಟ್ಟುಗೂಡಿಸಿದ. ಪ್ರತಿ ಜೋಡಿಯಲ್ಲೂ ಮೊದಲು ಒಂದು ಪ್ರೆಲ್ಯೂಡ್, ಆಮೇಲೆ ಒಂದು ಫ್ಯೂಗ್. ಕಲಿಯುವ ಎಳೆಯರಿಗೂ ಆಗಲೇ ಪಳಗಿದವರಿಗೂ ಉಪಯೋಗವಾಗಲಿ ಎಂದು ಅವನೇ ಮುಖಪುಟದಲ್ಲಿ ಬರೆದಿದ್ದಾನೆ. ನಮ್ಮ ಕಚೇರಿಯಲ್ಲಿ ಶ್ರುತಿ ಒಮ್ಮೆ ಕೂಡಿಸಿದರೆ ಮಂಗಳದವರೆಗೂ ಅದೇ. ಇಲ್ಲಿ ಕೆಲವೇ ನಿಮಿಷಕ್ಕೊಮ್ಮೆ ಆಧಾರ ಷಡ್ಜವೇ ಬದಲಾಗುತ್ತದೆ. ಮೊದಮೊದಲು ನನಗೆ ಕಾಲ ಕೆಳಗಿನ ನೆಲ ಸರಿದ ಹಾಗಾಗುತ್ತಿತ್ತು.

ಫ್ಯೂಗ್‌ನಲ್ಲಿ ಒಂದು ದನಿ ಚಿಕ್ಕದೊಂದು ಸ್ವರಗುಚ್ಛವನ್ನು ಹಾಡುತ್ತದೆ. ಅದು ಮುಂದುವರಿಯುತ್ತಿರುವಂತೆಯೇ ಎರಡನೆಯ ದನಿ ಅದೇ ಗುಚ್ಛವನ್ನು ಬೇರೆ ಸ್ವರದಿಂದ ಎತ್ತಿಕೊಳ್ಳುತ್ತದೆ, ಆಮೇಲೆ ಮೂರನೆಯದು. ಸಿ ಶಾರ್ಪ್ ಮೈನರ್ ಫ್ಯೂಗ್‌ನಲ್ಲಿ ಐದು ದನಿಗಳಿವೆ. ಐದನ್ನೂ ಹತ್ತೇ ಬೆರಳು ಹಾಡಿಸಬೇಕು. ಹೆಚ್ಚಿನವರು ಪಿಯಾನೋದ ಪೆಡಲ್ ಒತ್ತಿ ಸ್ವರಗಳನ್ನು ಒಂದಕ್ಕೊಂದು ಬೆಸೆಯುತ್ತಾರೆ. ಶಿಫ್ 2012ರಲ್ಲಿ ಹೊರಬಂದ ಎರಡನೆಯ ಧ್ವನಿಮುದ್ರಣದಲ್ಲಿ ಪೆಡಲ್ ಮುಟ್ಟಲೇ ಇಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ನಂಟನ್ನೆಲ್ಲ ಬೆರಳೇ ಹೊರಬೇಕೆಂಬ ಹಟ ಅದು. ಗಮಕಕ್ಕಾಗಿ ಎಡಗೈ ಬೆರಳು ಕಾಯಿಕಟ್ಟಿಸಿಕೊಂಡ ನನಗೆ ಆ ಹಟ ತೀರ ಅರ್ಥವಾಗುತ್ತದೆ.

ಲಂಡನ್ನಿನ 2017ರ ಪ್ರಾಮ್ಸ್ ಉತ್ಸವದಲ್ಲಿ ಅವರು ಮೊದಲ ಸಂಪುಟವನ್ನು ಪೂರ್ತಿ ನುಡಿಸುತ್ತಾರೆ ಎಂದು ತಿಳಿದಾಗ ಇಂಗ್ಲೆಂಡಿನಲ್ಲಿರುವ ಮಗಳಿಗೆ ಫೋನ್ ಮಾಡಿದೆ.

“ಅಮ್ಮಾ, ನೀನು ಹೇಳ್ತಿರೋ ಟಿಕೆಟ್ಟಲ್ಲಿ ನಿಂತ್ಕೊಂಡೇ ಕೇಳ್ಬೇಕು. ಮಂಡಿ ತಡ್ಕೊಳತ್ತಾ?”

“ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋ ಮಂಡಿ ಕಣೇ. ಏನೂ ಆಗಲ್ಲ.”

ಈ ನಿಂತು ಕೇಳುವ ಪದ್ಧತಿಯೇ ಪ್ರಾಮ್ಸ್‌ನ ಜೀವ. 1895ರಲ್ಲಿ ಲಂಡನ್ನಿನ ಕ್ವೀನ್ಸ್ ಹಾಲಿನಲ್ಲಿ ರಾಬರ್ಟ್ ನ್ಯೂಮನ್ ಎಂಬ ವ್ಯವಸ್ಥಾಪಕರು ಇದನ್ನು ಶುರುಮಾಡಿದಾಗಿನ ಉದ್ದೇಶವೇ ಕಡಿಮೆ ದರದಲ್ಲಿ ಸಾಮಾನ್ಯರ ಕಿವಿಗೆ ಒಳ್ಳೆಯ ಸಂಗೀತ ಮುಟ್ಟಿಸುವುದು. ವಾದ್ಯವೃಂದ ನಡೆಸಿದವರು ಹೆನ್ರಿ ವುಡ್. 1941ರಲ್ಲಿ ಜರ್ಮನ್ ಬಾಂಬಿಗೆ ಆ ಕಟ್ಟಡ ಸುಟ್ಟುಹೋಯಿತು. ಉತ್ಸವ ನಿಲ್ಲಲಿಲ್ಲ, ಅದೇ ವರ್ಷ ರಾಯಲ್ ಆಲ್ಬರ್ಟ್ ಹಾಲಿಗೆ ಬಂತು. ವೇದಿಕೆಯ ಮುಂದಿನ ನೆಲದಲ್ಲಿ ಕುರ್ಚಿಗಳಿಲ್ಲ, ಅಲ್ಲಿ ಜನ ನಿಲ್ಲುತ್ತಾರೆ. ತೀರ ಮೇಲಿನ ಗ್ಯಾಲರಿಯಲ್ಲೂ ಹಾಗೆಯೇ. ದೊಡ್ಡ ದುಡ್ಡು ಕೊಟ್ಟವರು ಸುತ್ತಲಿನ ಆಸನಗಳಲ್ಲಿದ್ದರೆ, ಕಲಾವಿದರ ಎದುರಿಗೇ ನಿಲ್ಲುವವರು ಅಗ್ಗದ ಟಿಕೆಟ್ಟಿನವರು. ಆ ವರ್ಷ ಅದರ ಬೆಲೆ 6 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 500 ರೂಪಾಯಿ. ಇಂಥ ಏರ್ಪಾಡು ನಮ್ಮ ದೊಡ್ಡ ಸಭೆಗಳಲ್ಲೂ ಇರಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಆಲ್ಬರ್ಟ್ ಹಾಲಿನ ಕೆಂಪು ಇಟ್ಟಿಗೆಯ ದುಂಡು ಕಟ್ಟಡ ತೆರೆದದ್ದು 1871ರಲ್ಲಿ. ಮೈಸೂರಿನವರಿಗೆ ಅದು ಪೂರಾ ಪರಕೀಯವಲ್ಲ. ನಮ್ಮ ಮಹಾರಾಜ ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಸಂಗೀತವನ್ನು ಆಳವಾಗಿ ಕಲಿತವರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಗೀತ ರಚನಕಾರ ಮೆಟ್ನರ್ ಮುಪ್ಪಿನಲ್ಲಿ ಮರೆವಿಗೆ ಸರಿಯುತ್ತಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಒಡೆಯರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಅವರಿಗೇ ಅರ್ಪಿಸಿದರು. ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ರಚಿಸಿದ ನಾಲ್ಕು ಹಾಡುಗಳನ್ನು ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾ ಮೊದಲ ಬಾರಿ ಹಾಡಿದ್ದು ಇದೇ ಆಲ್ಬರ್ಟ್ ಹಾಲಿನಲ್ಲಿ, 1950ರ ಮೇ 22ರಂದು. ಅದಕ್ಕೂ ಹಣದ ಬೆಂಬಲ ಮೈಸೂರಿನದು. ಮಹಾರಾಜರು ಅಂದು ಅಲ್ಲಿರಲಿಲ್ಲ, ಅವರು ಕೇಳಲೆಂದು ಕಚೇರಿಯನ್ನು ಮುದ್ರಿಸಿಕೊಳ್ಳಲಾಯಿತು. ಶಿಫ್ ಕಚೇರಿಯ ದಿನ ಸರದಿಯಲ್ಲಿ ನಿಂತಿದ್ದಾಗ ಇದನ್ನೆಲ್ಲ ಮಗಳಿಗೆ ಹೇಳಿದೆ. ನಮ್ಮ ಹಿಂದಿದ್ದ ಬಿಳಿಗೂದಲಿನ ಮಹಾಶಯರು ಮೈಸೂರೆಂಬ ಹೆಸರು ಕಿವಿಗೆ ಬಿದ್ದೊಡನೆ ಮೆಟ್ನರ್ ಅವರ ಮಾತೆತ್ತಿದರು. ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಶಿಫ್ ಬಂದರು. ತಗ್ಗಿ ನಮಸ್ಕರಿಸಿ ಕುಳಿತರು. ಮುಂದೆ ಪುಸ್ತಕವಿಲ್ಲ, ಸುಮಾರು ಎರಡು ಗಂಟೆಯ ಸಂಗೀತ ಪೂರ್ತಿ ಬಾಯಿಪಾಠ. ಒಬ್ಬ ಮನುಷ್ಯ, ಒಂದು ವಾದ್ಯ, ಐದು ಸಾವಿರ ಜನ ಹಿಡಿಸುವ ಹಾಲು. ಹಿಂದೆ ಈ ಕಟ್ಟಡದ ಪ್ರತಿಧ್ವನಿ ಕುಖ್ಯಾತವಾಗಿತ್ತು. ಅದನ್ನು ತಗ್ಗಿಸಲು 1969ರಲ್ಲಿ ಗುಮ್ಮಟದಿಂದ ಇಳಿಬಿಟ್ಟ ಫೈಬರ್‌ಗ್ಲಾಸ್ ತಟ್ಟೆಗಳನ್ನು ಜನ ಅಣಬೆ ಅನ್ನುತ್ತಾರೆ. ಆದರೂ ಇಷ್ಟು ದೊಡ್ಡ ಜಾಗದಲ್ಲಿ ಪಿಯಾನೋ ಒಂದೇ ತುಂಬೀತೇ ಎಂಬ ಅಳುಕಿತ್ತು. ಅವರು ತುಂಬಲು ಹೊರಡಲೇ ಇಲ್ಲ. ದನಿ ಏರಿಸದೆ, ಮನೆಯಲ್ಲಿ ನುಡಿಸಿಕೊಂಡಂತೆ ಸಿ ಮೇಜರ್ ಪ್ರೆಲ್ಯೂಡ್ ಎತ್ತಿದರು. ಮೊದಲ ಒಂದೆರಡು ಜೋಡಿ ಮುಗಿಯುವಷ್ಟರಲ್ಲಿ ಕೆಮ್ಮು, ಕಾಗದದ ಸದ್ದು ಎಲ್ಲ ಅಡಗಿ, ಅಷ್ಟು ಜನರ ಕಿವಿ ಅವರ ದನಿಯ ಮಟ್ಟಕ್ಕೆ ಇಳಿದುಬಂತು. ಕ್ಯಾಸೆಟ್ಟಿನಲ್ಲಿ ಎಂದೂ ತಿಳಿಯದಿದ್ದದ್ದು ಇದು. ಕೇಳುವ ಜನವನ್ನೂ ಅವರು ಶ್ರುತಿ ಮಾಡುತ್ತಾರೆ.

ಶಿಫ್‌ಗೆ ಸ್ವರಗಳಲ್ಲಿ ಬಣ್ಣ ಕಾಣುತ್ತದೆ. ಸಿ ಮೇಜರ್ ಬಿಳಿ, ಕೊನೆಯ ಬಿ ಮೈನರ್ ಕಪ್ಪು ಎಂದು ಬರೆದಿದ್ದಾರೆ. ಆ ಕೊನೆಯ ಫ್ಯೂಗ್‌ನ ಸ್ವರಗುಚ್ಛದಲ್ಲಿ ಹನ್ನೆರಡು ಸ್ವರಸ್ಥಾನಗಳೂ ಬಂದುಹೋಗುತ್ತವೆ. ಅರ್ಧರ್ಧ ಸ್ವರ ಜಾರುತ್ತಾ ನಿಟ್ಟುಸಿರಿನಂತೆ ಇಳಿಯುವ ಆ ಸಾಲನ್ನು ಅವರು ಅವಸರವಿಲ್ಲದೆ ಒಂದೊಂದು ದನಿಯ ಕೈಗೂ ಒಪ್ಪಿಸಿದರು. ಅಷ್ಟು ಹೊತ್ತು ದಾಟಿ ಬಂದ ಷಡ್ಜಗಳೆಲ್ಲ ಅದರೊಳಗೆ ಇವೆ ಎಂದು ಅಂದು ನಿಂತಲ್ಲೇ ಹೊಳೆಯಿತು. ಕಣ್ಣು ತುಂಬಿತು. ಮಗಳು ನನ್ನ ಕೈ ಹಿಡಿದುಕೊಂಡಳು.

ಮರುವರ್ಷ ಅವರು ಅಲ್ಲೇ ಎರಡನೆಯ ಸಂಪುಟ ನುಡಿಸಿದರು. ಪ್ರಾಮ್ಸ್‌ನ ಎಲ್ಲ ಕಚೇರಿಗಳನ್ನೂ ಬಿಬಿಸಿ ರೇಡಿಯೋ 3 ನೇರವಾಗಿ ಬಿತ್ತರಿಸುತ್ತದೆ, ಹಾಗಾಗಿ ಅದನ್ನು ನಡುರಾತ್ರಿ ಕಳೆದ ಮೇಲೆ ಮೈಸೂರಿನಲ್ಲೇ ಕೇಳಿದೆ. ಮೈಕು ಪಿಯಾನೋದ ಹತ್ತಿರವೇ ಇರುವುದರಿಂದ ಮಂದ್ರದ ಸ್ವರಗಳು ಹಾಲಿಗಿಂತ ನಿಚ್ಚಳ. ಆದರೂ ಹೋಗಿ ಕೇಳುವ ಆಸೆಯಿದ್ದವರಿಗೆ ಹೇಳುವುದಿಷ್ಟು: ಉತ್ಸವ ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ. ಕಾರ್ಯಕ್ರಮ ಪಟ್ಟಿ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಬರುತ್ತದೆ, ವೀಸಾ ಕೆಲಸ ಆಗಲೇ ಹಿಡಿಯಿರಿ. ನಿಲ್ಲುವ ಟಿಕೆಟ್ ಆ ದಿನವೇ ಸಿಗುವುದು, ಕೊಳ್ಳುವ ಬಗೆ ಮೊದಲೇ ತಿಳಿದುಕೊಂಡು ಬೇಗ ಹೋಗಿ. ಸರದಿಯಲ್ಲಿ ಪಕ್ಕದವರನ್ನು ಮಾತಾಡಿಸಿ, ಬಲ್ಲವರು ಅಲ್ಲೇ ಸಿಗುತ್ತಾರೆ. ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ.