ಸಿ ಭಾಷೆಯ ಪ್ರಿಪ್ರೊಸೆಸರ್ ನಿರ್ದೇಶನಗಳು: ಎಕರೆ–ಗುಂಟೆ ಲೆಕ್ಕದ ಉದಾಹರಣೆಯೊಂದಿಗೆ

ಸಿರುಗುಪ್ಪ ತಾಲ್ಲೂಕಿನ ದೇಶನೂರು ಹಾಗೂ ಸುತ್ತಲಿನ ಗ್ರಾಮಗಳಿಂದ ಡಿಪ್ಲೊಮಾ, ಬಿ.ಸಿ.ಎ. ಮುಂತಾದ ವ್ಯಾಸಂಗಕ್ಕೆ ಸೇರುವ ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

ಸಿ ಭಾಷೆಯನ್ನು ರೂಪಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದ ಡೆನ್ನಿಸ್ ರಿಚಿ. 1972–73ರ ಅವಧಿಯಲ್ಲಿ ಈ ಭಾಷೆಗೆ ಪ್ರಿಪ್ರೊಸೆಸರ್ ಸೇರ್ಪಡೆಯಾಯಿತು. ಪ್ರೋಗ್ರಾಮು ಕಂಪೈಲರಿನ ಮುಖ್ಯ ಹಂತವನ್ನು ತಲುಪುವ ಮುನ್ನ ಅದರ ಪಠ್ಯವನ್ನು ಸಿದ್ಧಪಡಿಸಿಕೊಡುವುದು ಇದರ ಕೆಲಸ. # ಚಿಹ್ನೆಯಿಂದ ಆರಂಭವಾಗುವ ಸಾಲುಗಳು ಇದಕ್ಕೆ ನೀಡುವ ನಿರ್ದೇಶನಗಳಾಗಿರುತ್ತವೆ.

‘#ಇನ್‌ಕ್ಲೂಡ್’ ನಿರ್ದೇಶನವು ಹೆಸರಿಸಿದ ಕಡತದ ಸಮಸ್ತ ಪಠ್ಯವನ್ನು ಆ ಸ್ಥಳಕ್ಕೆ ತಂದು ಸೇರಿಸುತ್ತದೆ. ಹಳೆಯ ಪಠ್ಯಪುಸ್ತಕಗಳಲ್ಲಿ ಕಾಣುವ ‘ಕೋನಿಯೊ.ಹೆಚ್’ ಕಡತವು ಸಿ ಭಾಷೆಯ ಮಾನಕದಲ್ಲಿ ಸೇರಿಲ್ಲವಾದ್ದರಿಂದ ಲಿನಕ್ಸ್ ಗಣಕಯಂತ್ರಗಳಲ್ಲಿ ಸಾಮಾನ್ಯವಾಗಿ ದೊರೆಯುವುದಿಲ್ಲ. ವಿದ್ಯಾರ್ಥಿಗಳು ಇದಕ್ಕಾಗಿ ಗಾಬರಿಯಾಗಬೇಕಾಗಿಲ್ಲ.

‘#ಡಿಫೈನ್’ ಒಂದು ಹೆಸರಿನ ಬದಲಿಗೆ ಬೇರೊಂದು ಪಠ್ಯವನ್ನು ಇರಿಸುತ್ತದೆ. ಕ್ರಯಪತ್ರದಲ್ಲಿ ಜಮೀನಿನ ಚಕ್ಕುಬಂದಿಯನ್ನು ಒಮ್ಮೆ ವಿವರಿಸಿ, ಉಳಿದೆಡೆ ‘ಸದರಿ ಸ್ವತ್ತು’ ಎಂದಷ್ಟೇ ಬರೆಯುವ ಪದ್ಧತಿಯನ್ನು ಇದಕ್ಕೆ ಹೋಲಿಸಬಹುದು. ಬಳ್ಳಾರಿಯ ಇಂಗ್ಲಿಷ್ ಕಾಗುಣಿತವು 2014ರ ನವೆಂಬರ್ 1ರಂದು ಬದಲಾಯಿತು. ಜಿಲ್ಲೆಯ ಹೆಸರನ್ನು #ಡಿಫೈನ್ ಮೂಲಕ ನಮೂದಿಸಿದ್ದ ಪ್ರೋಗ್ರಾಮಿನಲ್ಲಿ ಇಂತಹ ತಿದ್ದುಪಡಿಗೆ ಒಂದೇ ಸಾಲು ಸಾಕು.

ಆದರೆ ಪ್ರಿಪ್ರೊಸೆಸರ್ ಪಠ್ಯವನ್ನು ಬದಲಿಸುತ್ತದೆಯೇ ಹೊರತು ಲೆಕ್ಕದ ಅರ್ಥವನ್ನು ಅರಿಯದು. ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಎಕರೆಯನ್ನು ಗುಂಟೆಗೆ ಪರಿವರ್ತಿಸಲು ಹೀಗೆ ಬರೆಯಲಾಗಿದೆ ಎಂದು ಭಾವಿಸೋಣ (ಓದುವ ಅನುಕೂಲಕ್ಕಾಗಿ ಕನ್ನಡದಲ್ಲಿ ಕೊಟ್ಟಿದೆ, ನಿರ್ದೇಶನಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿಯೇ ಬೆರಳಚ್ಚಿಸಬೇಕು):

#ಡಿಫೈನ್ ಗುಂಟೆ(ಎ) ಎ * 40

ಒಬ್ಬ ರೈತರಿಗೆ 2 ಎಕರೆ ಮತ್ತು 3 ಎಕರೆಯ ಎರಡು ಹಿಡುವಳಿಗಳಿದ್ದು, ‘ಗುಂಟೆ(2 + 3)’ ಎಂದು ಕೇಳಿದರೆ ಬರಬೇಕಾದ ಉತ್ತರ 200. ಪ್ರಿಪ್ರೊಸೆಸರ್ ಇದನ್ನು ‘2 + 3 * 40’ ಎಂದು ಬದಲಿಸುತ್ತದೆ. ಗುಣಾಕಾರ ಮೊದಲು ನಡೆಯುವುದರಿಂದ ಉತ್ತರ 122 ಆಗುತ್ತದೆ. 78 ಗುಂಟೆ, ಅಂದರೆ 1 ಎಕರೆ 38 ಗುಂಟೆ ಜಮೀನು ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ. ಕಂಪೈಲರ್ ಯಾವುದೇ ದೋಷವನ್ನು ತೋರಿಸುವುದಿಲ್ಲ. ಲೆಕ್ಕಪತ್ರಗಳಲ್ಲಿಯೂ ತಾಳೆಯಾಗದ ಮೊತ್ತಕ್ಕಿಂತ ತಾಳೆಯಾದಂತೆ ತೋರುವ ತಪ್ಪು ಮೊತ್ತವೇ ಹೆಚ್ಚು ಅಪಾಯಕಾರಿ. ಸರಿಯಾದ ರೂಪ ಹೀಗಿದೆ:

#ಡಿಫೈನ್ ಗುಂಟೆ(ಎ) ((ಎ) * 40)

ಸಾಲಿನ ಕೊನೆಯಲ್ಲಿ ಅರ್ಧವಿರಾಮ ಹಾಕಬಾರದು. ಹಾಕಿದಲ್ಲಿ ಅದೂ ಲೆಕ್ಕದ ನಡುವೆ ಸೇರಿಕೊಳ್ಳುತ್ತದೆ.

‘#ಇಫ್‌ಡೆಫ್’ ಮತ್ತು ‘#ಎಂಡಿಫ್’ ನಡುವಿನ ಭಾಗವು, ಸೂಚಿಸಿದ ಹೆಸರು ಅದಕ್ಕೂ ಮೊದಲೇ ನಿರೂಪಿತವಾಗಿದ್ದರೆ ಮಾತ್ರ ಉಳಿಯುತ್ತದೆ. ವಿಂಡೋಸ್ ಮತ್ತು ಲಿನಕ್ಸ್ ಎರಡಕ್ಕೂ ಒಂದೇ ಪ್ರೋಗ್ರಾಮನ್ನು ಬರೆಯುವಾಗ ಇದು ಉಪಯುಕ್ತ.

ಬದಲಾವಣೆಯ ನಂತರದ ಪಠ್ಯವನ್ನು ಕಣ್ಣಾರೆ ನೋಡಬಯಸುವವರು ಜಿಸಿಸಿ ಕಂಪೈಲರಿಗೆ ಅಡ್ಡಗೆರೆಯೊಂದಿಗೆ ಇಂಗ್ಲಿಷಿನ ದೊಡ್ಡಕ್ಷರ ‘ಇ’ ಆಯ್ಕೆಯನ್ನು ನೀಡಬಹುದು. ಮೇಲಿನ 122ರ ಲೆಕ್ಕವು ಅಲ್ಲಿ ‘2 + 3 * 40’ ರೂಪದಲ್ಲಿಯೇ ಕಾಣಸಿಗುತ್ತದೆ.